ಹೊಸ ಚೊಂಬಿಗೊಂದು ನೆಗ್ಗು

"ಬಾಷಣ್ಣ, ಈ ಚೊಂಬಿಗೆ ಒಂದು ನೆಗ್ಗು ಹಾಕಿ ಕೊಡಿ."

ಸಾಗರದ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಪಾತ್ರೆ ರಿಪೇರಿ ಮಾಡಿಕೊಂಡು, ಕಲಾಯಿ ಹಾಕಿಕೊಂಡು ಇರುವ ಬಾಷಣ್ಣ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಚೊಂಬನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಎಲ್ಲಿ ನೆಗ್ಗಿದೆ ಅಕ್ಕ? ಕಾಣ್ತಾ ಇಲ್ವಲ್ಲ."

"ನೆಗ್ಗಿಲ್ಲ ಬಾಷಣ್ಣ. ಅದಕ್ಕೇ ಬಂದಿದ್ದು. ನೆಗ್ಗಿಸ್ಬೇಕು."

"ನನ್ ತಲೆ ಹಣ್ಣಾಗಿದ್ದೇ ನೆಗ್ಗು ತೆಗೆದು ತೆಗೆದು. ಹಾಕಿ ಕೊಡಿ ಅಂತ ಬಂದವ್ರು ನೀವೇ ಮೊದಲು" ಎಂದರು. ಪಕ್ಕದಲ್ಲಿ ಕುಕ್ಕರ್ ಹಿಡಿದು ಕಾಯುತ್ತಿದ್ದ ಹೆಂಗಸು ನಿಧಾನಕ್ಕೆ ಒಂದು ಹೆಜ್ಜೆ ಆಚೆ ಸರಿದಳು. ಅವಳ ತಪ್ಪೇನಿಲ್ಲ. ನಾನಾಗಿದ್ದರೂ ಸರಿಯುತ್ತಿದ್ದೆ.

ಅಂಗಡಿಯಿಂದ ಆಗಷ್ಟೇ ತಂದ ಫಳಫಳ ಹೊಳೆಯುವ ಹಿತ್ತಾಳೆ ಚೊಂಬನ್ನು ಹಾಳು ಮಾಡಿಸಲು ನಾನೇಕೆ ನಿಂತಿದ್ದೆ? ಅದು ನನ್ನ ಜಂಬದ ಕತೆ. ಅದರಲ್ಲಿ ನಿಮ್ಮದೂ ಸ್ವಲ್ಪ ಪಾಲಿದೆ.

ನೆನಪಿದೆಯಾ, ಹೋದ ದೀಪಾವಳಿ ಹೊತ್ತಿಗೆ ಇದೇ ಅಂಕಣದಲ್ಲಿ ನಮ್ಮ ಮನೆಯ ಅಟ್ಟ ಖಾಲಿ ಮಾಡಿದ್ದನ್ನು ಬರೆದಿದ್ದೆ. ಹಳೆಯದನ್ನೆಲ್ಲ ಕೊಟ್ಟುಬಿಡಿ, ಮನಸ್ಸು ಹಗುರಾಗುತ್ತದೆ ಎಂದು ಉಪದೇಶ ಬೇರೆ ಮಾಡಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಮೆಸೇಜ್ ಮಾಡಿ ಬೆನ್ನು ತಟ್ಟಿದಿರಿ. (ಒಬ್ಬರು ಅಟ್ಟದ ಫೋಟೋವನ್ನೇ ಕಳಿಸಿದ್ದರು. ನಿಜಕ್ಕೂ ಚೊಕ್ಕಟವಾಗಿತ್ತು.) ಆ ದಿನ ನಮ್ಮ ಅಟ್ಟದಿಂದ ಇಳಿದ ಸಾಮಾನಿನಲ್ಲಿ ಒಂದು ಸಣ್ಣ ಹಿತ್ತಾಳೆ ಚೊಂಬೂ ಇತ್ತು. ಹಳೆಯದು, ಕಪ್ಪಾದದ್ದು, ಹೊಟ್ಟೆಯ ಮೇಲೆ ನೆಗ್ಗಿದ್ದು. ಪಾತ್ರೆ ಅಂಗಡಿಯ ಎಕ್ಸ್‌ಚೇಂಜ್ ಮೇಳಕ್ಕೆ ಒಯ್ದು ಕೊಟ್ಟೆ. ಬದಲಿಗೆ ಒಂದು ನಾನ್‌ಸ್ಟಿಕ್ ತವಾ ತಂದೆ. ದೋಸೆ ಅಂಟಿಕೊಳ್ಳುವುದಿಲ್ಲ ಎಂದು ವಾರವಿಡೀ ಕುಣಿದಾಡಿದೆ.

ಆ ಚೊಂಬು ನನ್ನದಲ್ಲ. ನಮ್ಮ ದೊಡ್ಡಮ್ಮನದು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬಹುಕಾಲ ತೀರ್ಥಹಳ್ಳಿಯಲ್ಲಿದ್ದವಳು. ಶನಿವಾರ ಮಧ್ಯಾಹ್ನ ಅವಳ ಮನೆಯ ಜಗಲಿಯಲ್ಲಿ ಹೆಣಿಗೆ ಕ್ಲಾಸು. ಬೋರ್ಡಿಲ್ಲ, ಸರ್ಟಿಫಿಕೇಟಿಲ್ಲ. ಉಲ್ಲನ್ ಉಂಡೆ, ಎರಡು ಕಡ್ಡಿ ತಂದವರಿಗೆಲ್ಲ ಪಾಠ. ರಜೆಗೆ ಹೋದ ನಾನೂ ಆ ಸಾಲಿನಲ್ಲಿ ಕೂರುತ್ತಿದ್ದೆ. ಬೇರೆ ಹುಡುಗಿಯರು ಕ್ಲಾಸಿನ ನಡುವೆ ಸಿನಿಮಾ ಮಾತಾಡುತ್ತಿದ್ದರು. ನಾನು ಮಾತಾಡದೆ ಬೇಗ ಬೇಗ ಹೆಣೆದು, ಅಷ್ಟೇ ಬೇಗ ಕುಣಿಕೆ ಬಿಟ್ಟು, ಬೈಸಿಕೊಳ್ಳುತ್ತಿದ್ದೆ.

ದೊಡ್ಡಮ್ಮನ ದೊಡ್ಡಸ್ತಿಕೆ ಇದ್ದದ್ದು ಹೆಣೆಯುವುದರಲ್ಲಿ ಅಲ್ಲ. ಹೆಣೆಯುವವರು ಊರ ತುಂಬ ಇದ್ದರು. ಹೆಣೆದು ಮುಗಿಸಿದ ಮೇಲಿನ ಕೆಲಸ ಇರುತ್ತದಲ್ಲ, ಅದು ಅವಳದೇ. ಕಡ್ಡಿಯಿಂದ ಇಳಿದ ಸ್ವೆಟರ್ ನೋಡಿದ್ದೀರಾ? ಒಂದು ತೋಳು ಮೇಲೆ, ಒಂದು ಕೆಳಗೆ, ಅಂಚೆಲ್ಲ ಸುರುಳಿ. ಅದನ್ನು ನೆನೆಸಿ, ಟವೆಲಿನಲ್ಲಿ ಸುತ್ತಿ ಹಿಂಡಿ, ಎಳೆದು, ಒಣಗಿಸಿ, ಆಕಾರಕ್ಕೆ ಕೂರಿಸಬೇಕು. "ಹೆಣೆದಿದ್ದು ಬರೀ ನೂಲು, ಕೂರಿಸಿದ ಮೇಲೆ ಬಟ್ಟೆ" ಎನ್ನುತ್ತಿದ್ದಳು. ಇದಕ್ಕೆ ಅಂಗಡಿಯಲ್ಲಿ ಏನೂ ಸಿಗುತ್ತಿರಲಿಲ್ಲ. ಎಲ್ಲ ಅವಳೇ ಮಾಡಿಕೊಂಡದ್ದು.

ಸ್ವೆಟರಿಗೆ ಹಲಸಿನ ಹಲಗೆ. ಅದರ ಮೇಲೆ ಹಳೆ ಕಂಬಳಿ ಬಿಗಿದಿದ್ದಳು. ಒದ್ದೆ ಸ್ವೆಟರನ್ನು ಎಳೆದು ಅದಕ್ಕೆ ಚುಚ್ಚಲು ಗುಂಡುಪಿನ್ನು ಬಳಸುತ್ತಿರಲಿಲ್ಲ, ತುಕ್ಕಿನ ಕಲೆ ಹಿಡಿಯುತ್ತದೆಂದು. ಹಿತ್ತಲಿನ ನಿಂಬೆ ಗಿಡದ ಒಣ ಮುಳ್ಳು. ಅದನ್ನು ಕೊಯ್ದು, ಬುಡ ಉಜ್ಜಿ, ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿಟ್ಟಿದ್ದಳು. ಕಾಲುಚೀಲಕ್ಕೆ ಪಾದದ ಆಕಾರದಲ್ಲಿ ಕೊಯ್ಸಿದ ಮರದ ಹಲಗೆಗಳು, ದೊಡ್ಡದು ಒಂದು ಜೊತೆ, ಸಣ್ಣದು ಒಂದು ಜೊತೆ. ನಾವು ಮಕ್ಕಳು ಅವನ್ನು ಕಾಲಿಗೆ ಕಟ್ಟಿಕೊಂಡು ಜಗಲಿಯ ಮೇಲೆ ಟಕಟಕ ಓಡಾಡಿ ಏಟು ತಿಂದದ್ದಿದೆ.

ಮತ್ತೆ ಕುಲಾವಿಗೆ ಈ ಚೊಂಬು.

ಕುಲಾವಿ ಗೊತ್ತಲ್ಲ? ಎಳೆಗೂಸಿನ ಕಿವಿ ಮುಚ್ಚುವ ಟೊಪ್ಪಿ, ಗದ್ದದ ಕೆಳಗೆ ದಾರ ಕಟ್ಟುವಂಥದ್ದು. ದೊಡ್ಡಮ್ಮನ ಚೊಂಬಿನ ಹೊಟ್ಟೆ ಸರಿಯಾಗಿ ಎಳೆಗೂಸಿನ ತಲೆಯಷ್ಟು. ಅದನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಒರೆಸಿ, ಬೋರಲು ಹಿಡಿದು, ಒದ್ದೆ ಕುಲಾವಿಯನ್ನು ತೊಡಿಸಿ, ಬಚ್ಚಲ ಒಲೆಯ ಹತ್ತಿರ ಮಣೆಯ ಮೇಲೆ ಇಡುತ್ತಿದ್ದಳು. ಬೆಳಿಗ್ಗೆ ನೋಡಿದರೆ ಮಣೆಯ ಮೇಲೆ ಯಾರದೋ ಪಾಪು ಕೂತ ಹಾಗೆ ಕಾಣುತ್ತಿತ್ತು. ನಮ್ಮ ಕಡೆಯ ಎಲ್ಲ ಮಕ್ಕಳ ಮೊದಲ ಫೋಟೋದಲ್ಲೂ ದೊಡ್ಡಮ್ಮನ ಕುಲಾವಿ ಇದೆ. ನನ್ನದರಲ್ಲಿದೆ, ನನ್ನ ಮಗಳದರಲ್ಲಿದೆ. ಅದು ತಲೆಗೆ ಬರದೆ ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದವರಿಲ್ಲ.

ದೊಡ್ಡಮ್ಮ ತೀರ್ಥಹಳ್ಳಿ ಬಿಟ್ಟು ಹೊಸನಗರದಲ್ಲಿರುವ ಮಗಳು ವಸಂತಳ ಮನೆಗೆ ಬಂದಾಗ ಈ ಸರಂಜಾಮಿನ ಪೆಟ್ಟಿಗೆಯನ್ನು ನನಗೆ ಕೊಟ್ಟಳು. "ನಿನ್ ಹತ್ರ ಇರ್ಲಿ ಸುಮಾ. ಬೇಕಾದಾಗ ಕೇಳ್ತೀನಿ" ಅಂದಿದ್ದಳು. ಬೇಕಾಗುತ್ತದೆ ಎಂದು ನನಗೆ ಯಾಕೆ ಅನ್ನಿಸಲಿಲ್ಲ? ಅವಳಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಬೆಳಕು ನೆರಳು ತಿಳಿಯುತ್ತದೆ, ಅಷ್ಟೆ. ಕಾಣದವಳು ಇನ್ನೇನು ಹೆಣೆಯುತ್ತಾಳೆ ಎಂದುಕೊಂಡು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ಹಾಗೆ ಅಂದುಕೊಂಡದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ವಸಂತ ಫೋನ್ ಮಾಡಿದಳು. ಅವಳ ಮಗಳು ಮೇಘಾ ತೀರ್ಥಹಳ್ಳಿಯಲ್ಲಿ ಕಾಲೇಜಿನ ಲೆಕ್ಚರರ್. ಹೆರಿಗೆಯಾಗಿತ್ತು, ಹೆಣ್ಣು ಮಗು.

"ಅಮ್ಮ ಕುಲಾವಿ ಶುರು ಮಾಡಿದಾಳೆ ಕಣೇ" ಎಂದಳು ವಸಂತ. "ಕೈಯಲ್ಲೇ ಮುಟ್ಟಿ ಮುಟ್ಟಿ ಹಾಕ್ತಾಳೆ. ಅರ್ಧ ಆಗಿದೆ. ಈಗ ಚೊಂಬು ಬೇಕಂತೆ. ಸ್ಟೀಲಿಂದು ಕೊಟ್ರೆ ಜಾರ್ತದೆ, ಅಳತೆ ಸಿಗದಿಲ್ಲ ಅಂತಾಳೆ. ತೊಟ್ಟಿಲ ಶಾಸ್ತ್ರ ಮುಂದಿನ ವಾರ. ನೀ ತಗೊಂಡು ಬಾ ಮಾರಾಯ್ತಿ."

"ತರ್ತೀನಿ" ಎಂದೆ. ಬಾಯಿ ತಾನಾಗಿ ಹೇಳಿತು. ಹೇಳಿದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿದೆ. ಎದುರಿಗೆ ಆ ತವಾ. ಅದರ ಕೋಟಿಂಗ್ ಎದ್ದು ಆಗಲೇ ಎರಡು ತಿಂಗಳಾಗಿತ್ತು, ದೋಸೆ ಕಚ್ಚಿಕೊಳ್ಳುತ್ತಿತ್ತು.

ಪಾತ್ರೆ ಅಂಗಡಿಗೆ ಓಡಿದೆ. ಅವರಿಗೆ ನಗು ಬಂತು. ಹಳೆ ಹಿತ್ತಾಳೆಯೆಲ್ಲ ಮೇಳ ಮುಗಿದ ವಾರವೇ ಲಾರಿಯಲ್ಲಿ ಕರಗಿಸಲು ಹೋಯಿತಂತೆ. "ಅದರ ಎರಡರಷ್ಟು ಚೆಂದದ್ದು ಇಲ್ಲಿದೆ ನೋಡಿ ಮೇಡಂ" ಎಂದು ಸಾಲು ಚೊಂಬು ತೋರಿಸಿದರು. ಸುಮಾರು ಅದೇ ಅಳತೆಯದು ಒಂದನ್ನು ಆರಿಸಿದೆ. ಆದರೆ ನೆಗ್ಗು?

ಆ ನೆಗ್ಗು ಸುಮ್ಮನೆ ಇದ್ದದ್ದಲ್ಲ ಎಂದು ನನಗೆ ಹೊಳೆದದ್ದು ಆಗ. ಕುಲಾವಿ ಹೆಣೆದು ಕೊನೆಗೆ ಕುಣಿಕೆಗಳನ್ನೆಲ್ಲ ಒಟ್ಟಿಗೆ ಎಳೆದು ತಲೆಯ ಹಿಂಬದಿಯಲ್ಲಿ ಒಂದು ಗಂಟು ಹಾಕುತ್ತಾರೆ. ದೊಡ್ಡಮ್ಮ ಚೊಂಬನ್ನು ಬೋರಲು ಹಿಡಿದು, ನಾಲ್ಕು ಬೆರಳನ್ನು ಅದರ ಕಂಠಕ್ಕೆ ಸಿಕ್ಕಿಸಿದರೆ ಹೆಬ್ಬೆರಳು ಸೀದಾ ಹೋಗಿ ನೆಗ್ಗಿನಲ್ಲಿ ಕೂರುತ್ತಿತ್ತು. ಗಂಟು ಆ ಕುಳಿಯೊಳಗೆ ಬರಬೇಕು. ಒದ್ದೆಯಿರುವಾಗಲೇ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಅದನ್ನು ಚಪ್ಪಟೆ ಮಾಡುತ್ತಿದ್ದಳು. ಮಲಗೇ ಇರುವ ಕೂಸಿಗೆ ತಲೆಯ ಹಿಂದೆ ಗಂಟು ಒತ್ತಬಾರದಲ್ಲ. ಕಂಠದಿಂದ ನೆಗ್ಗಿನವರೆಗೆ ಎಷ್ಟೋ, ಅಷ್ಟೇ ಕುಲಾವಿಯ ಉದ್ದ. ಟೇಪು ಹಿಡಿದದ್ದನ್ನು ನಾನು ನೋಡೇ ಇಲ್ಲ. ಕಣ್ಣಿದ್ದಾಗಲೇ ಅವಳಿಗೆ ಆ ನೆಗ್ಗು ಬೇಕಿತ್ತು. ಈಗ ಕಣ್ಣೇ ಅದು. ಅದನ್ನು ನಾನು ತವಾಕ್ಕೆ ಕೊಟ್ಟು ಬಂದಿದ್ದೆ.

ಹೀಗೆ ನಾನು ಬಾಷಣ್ಣನ ಮುಂದೆ ನಿಂತದ್ದು.

"ಎಲ್ಲಿ ಹಾಕ್ಬೇಕು?" ಎಂದು ಕೇಳಿದರು ಅವರು. ನನಗೇನು ಗೊತ್ತು? ಕಣ್ಣು ಮುಚ್ಚಿ, ದೊಡ್ಡಮ್ಮ ಹಿಡಿಯುತ್ತಿದ್ದ ಹಾಗೆಯೇ ಚೊಂಬನ್ನು ಬೋರಲು ಹಿಡಿದೆ. ಹೆಬ್ಬೆರಳು ಎಲ್ಲಿ ಕೂತಿತೋ ಅಲ್ಲಿ ಬಾಷಣ್ಣ ಸೀಮೆಸುಣ್ಣದಲ್ಲಿ ಗುರುತು ಮಾಡಿದರು. ಗುಂಡು ತಲೆಯ ಸುತ್ತಿಗೆ ಎತ್ತಿದವರು ಹಾಗೇ ಕೆಳಗಿಳಿಸಿದರು.

"ಕೈ ಬರ್ತಾ ಇಲ್ಲ ಅಕ್ಕ. ಹೊಸಾ ಮಾಲು."

"ಹೊಡೀರಿ ಬಾಷಣ್ಣ. ಪಾಪ ನನಗಿರ್ಲಿ."

ಹೊಡೆದರು. ಕೂಲಿ ಮಾತ್ರ ಬೇಡ ಎಂದರು. ಇಂಥ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲವಂತೆ.

ಮನೆಗೆ ತಂದು ಅದರ ಹೊಳಪು ಹೋಗಲಿ ಎಂದು ಒಲೆಯ ಬೂದಿ, ಮಸಿ ಹಚ್ಚಿ ಉಜ್ಜಿದೆ. ಅದು ಇನ್ನಷ್ಟು ಹೊಳೆಯಿತು. (ಬೇರೆ ದಿನ ಉಜ್ಜಿದರೂ ಹೊಳೆಯದ ಪಾತ್ರೆಗಳಿಗೆ ನನ್ನ ಮೇಲೆ ಏನು ಸಿಟ್ಟೋ.) ಮೂರು ದಿನ ಬಚ್ಚಲ ಹೊಗೆಗೆ ಇಟ್ಟೆ. ನಮ್ಮನೆಯವರು ಪೇಪರ್ ಓದುತ್ತ ಎಲ್ಲ ನೋಡುತ್ತಿದ್ದರು. ಕೊನೆಗೆ ಒಂದೇ ಮಾತು ಕೇಳಿದರು.

"ಕಣ್ಣೇ ಕಾಣದವ್ರ ಕಣ್ಣಿಗೆ ಮಣ್ಣೆರಚಕ್ಕೆ ಇಷ್ಟೆಲ್ಲ ಒದ್ದಾಟ ಬೇಕಾ?"

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿ ಇತ್ತು, ಅದಕ್ಕೇ ಬಂದದ್ದು. ದಾರಿಯುದ್ದಕ್ಕೂ, ಹೊಸನಗರದ ಬಸ್ಸಿನಲ್ಲಿ, ತೊಡೆಯ ಮೇಲೆ ಚೊಂಬಿಟ್ಟುಕೊಂಡು ಅದೇ ಮಾತು ಮೆಲುಕು ಹಾಕಿದೆ. ನಿಜ ಹೇಳಿಬಿಡಲಾ? ಹೇಳಿದರೆ ಮನಸ್ಸಿಗೆ ಎಷ್ಟು ನೋಯುತ್ತದೋ. ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಬಸ್ಸು ಇಳಿಯುವಷ್ಟರಲ್ಲಿ ಹೇಳುವುದು ಬೇಡ ಎಂದು ತೀರ್ಮಾನಿಸಿದ್ದೆ.

ದೊಡ್ಡಮ್ಮ ವಸಂತಳ ಮನೆಯ ಮುಂದಿನ ಬಿಸಿಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮಡಿಲಲ್ಲಿ ಹಳದಿ ಉಲ್ಲನ್ನಿನ ಅರ್ಧ ಕುಲಾವಿ. ನನ್ನ ಚಪ್ಪಲಿ ಸದ್ದಿಗೇ ಮುಖ ಎತ್ತಿದಳು.

"ಸುಮಾ ಬಂದ್ಯಾ? ತಂದ್ಯನೇ?"

ಕೊಟ್ಟೆ. ತೆಗೆದುಕೊಂಡಳು. ಮುಖದಲ್ಲಿ ಖುಷಿ ಇತ್ತು, ನಾನು ನೋಡಿದೆ. ಚೊಂಬನ್ನು ಬೋರಲು ಮಾಡಿ ನಾಲ್ಕು ಬೆರಳು ಕಂಠಕ್ಕೆ ಸಿಕ್ಕಿಸಿದಳು. ಹೆಬ್ಬೆರಳು ಮೇಲೆ ಹೋಯಿತು. ಅಲ್ಲಿ ಏನೂ ಸಿಗಲಿಲ್ಲ. ಬೆರಳು ಅತ್ತಿತ್ತ ಆಡಿತು, ಇನ್ನೂ ಸ್ವಲ್ಪ ಮೇಲೆ ಏರಿ ನೆಗ್ಗನ್ನು ಮುಟ್ಟಿ ಹಿಂದೆ ಬಂತು. ಮತ್ತೊಂದು ಸಲ ಹಿಡಿದು ನೋಡಿದಳು. ಖುಷಿ ಮೆಲ್ಲಗೆ ಇಳಿಯಿತು.

"ಇದು ಅದಲ್ಲ" ಎಂದಳು.

ಬಸ್ಸಿನಲ್ಲಿ ಮಾಡಿದ ತೀರ್ಮಾನ ಅಲ್ಲೇ ಬಿದ್ದುಹೋಯಿತು. ಎಲ್ಲ ಹೇಳಿದೆ. ಅಟ್ಟ, ಮೇಳ, ತವಾ, ಲಾರಿ, ಬಾಷಣ್ಣ. ಹೇಳುವಾಗ ಅಳು ಬಂತು. ಐವತ್ತೆಂಟರ ಹೆಂಗಸು, ವಾರವಾರ ಊರಿಗೆಲ್ಲ ಬುದ್ಧಿ ಹೇಳುವವಳು, ಪ್ಲಾಸ್ಟಿಕ್ ಕುರ್ಚಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅತ್ತೆ.

ದೊಡ್ಡಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಕರಗಿಸಿರ್ತಾರಾ?"

"ಹೂಂ."

ಚೊಂಬನ್ನು ಮಡಿಲಿಗೆ ಇಳಿಸಿಕೊಂಡಳು. ಆಮೇಲೆ ಹೇಳಿದಳು: "ಅದು ನಾ ಮದುವೆಯಾಗಿ ಬಂದ ವರ್ಷ ಬಾವಿಕಟ್ಟೆ ಮೇಲಿಂದ ಬಿದ್ದು ನೆಗ್ಗಿದ್ದು. ನೆಂಟ್ರ ಮುಂದೆ ಇಡಕ್ಕೆ ಆಗದಿಲ್ಲ, ಬಿಸಾಡು ಅಂದ್ರು ನಮ್ಮತ್ತೆ. ನಂಗೆ ಬಿಸಾಡಕ್ಕೆ ಮನಸ್ಸು ಬರ್ಲಿಲ್ಲ. ಉಲ್ಲನ್ ಪೆಟ್ಟಿಗೇಲಿ ಬಚ್ಚಿಟ್ಟೆ."

ನನಗೆ ತಲೆ ಎತ್ತಲಾಗಲಿಲ್ಲ. ಅವಳ ಅತ್ತೆಯ ಮಾತನ್ನು ಇಷ್ಟು ವರ್ಷದ ಮೇಲೆ ನಾನು ನಡೆಸಿಕೊಟ್ಟಿದ್ದೆ.

ಅವಳು ಹೊಸ ಚೊಂಬನ್ನು ಮತ್ತೆ ತಡವಿದಳು. "ಈ ನೆಗ್ಗು ಯಾರ ಬೆರಳಿಗೆ ಹಾಕಿಸಿದ್ದು?"

"ನಂದೇ ಬೆರಳು ಇಟ್ಟು ನೋಡಿದ್ದು ದೊಡ್ಡಮ್ಮ. ನಿನ್ನ ಹಾಗೇ ಹಿಡ್ಕೊಂಡು."

"ನಿನ್ ಕೈ ನಿಮ್ಮಪ್ಪಂದು. ಉದ್ದ" ಎಂದಳು. "ನನ್ ಬೆರಳಿಗೆ ಇದು ಸಿಗದಿಲ್ಲ. ಹಾಗಾದ್ರೆ ಇದನ್ನ ನನಗ್ಯಾಕೆ ಕೊಡ್ತೀಯ? ಹಿಡಿ."

ಚೊಂಬು ನನ್ನ ಕೈಗೆ ಬಂತು. ಹಿಂದೆಯೇ ಹಳದಿ ಕುಲಾವಿಯೂ, ಕಡ್ಡಿಗಳೂ.

"ಉಳಿದಿದ್ದು ನೀ ಹಾಕು."

ನಾನು ಕಡ್ಡಿ ಮುಟ್ಟಿ ಯಾವ ಕಾಲವಾಯಿತೋ. ಆಗದು ಎಂದೆ, ಮರೆತಿದೆ ಎಂದೆ, ಹಾಳಾಗುತ್ತದೆ ಎಂದೆ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಎರಡು ದಿನ ಹೊಸನಗರದಲ್ಲೇ ಉಳಿದೆ. ನಾನು ಒಂದು ಸಾಲು ಹೆಣೆಯುವುದು, ಅವಳು ಬೆರಳಾಡಿಸಿ ನೋಡುವುದು. "ಇಲ್ಲಿ ಒಂದು ಕುಣಿಕೆ ಬಿಟ್ಟೀಯ. ಬಿಚ್ಚು." ಬಿಚ್ಚುತ್ತಿದ್ದೆ. "ಬಿಗಿ ಮಾಡ್ಬೇಡ, ಜಗಳಕ್ಕೆ ಹೋದ ಹಾಗೆ ಎಳೀತೀಯಲ್ಲ." ಸಡಿಲ ಮಾಡುತ್ತಿದ್ದೆ. ಇಷ್ಟು ಸಲ ಬಿಚ್ಚಿದ ಉಲ್ಲನ್ ಮೈತುಂಬ ನೂಲೆದ್ದು ಕಂಬಳಿಹುಳದಂತೆ ಆಗಿತ್ತು. ಆದರೂ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಬೆರಳುಗಳಿಗೆ ಏನೋ ನೆನಪಾಗತೊಡಗಿತು. ಶನಿವಾರದ ಜಗಲಿ, ಒದ್ದೆ ಉಲ್ಲನ್ನಿನ ಆ ವಾಸನೆ, ಬಾಟಲಿಯಲ್ಲಿ ನಿಂಬೆ ಮುಳ್ಳು ಅಲ್ಲಾಡುವ ಸದ್ದು. ಎಷ್ಟೋ ವರ್ಷ ಇವೆಲ್ಲ ನನ್ನೊಳಗೆ ಇದ್ದವು ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಪುಣ್ಯ, ಅವು ಅಟ್ಟದಲ್ಲಿರಲಿಲ್ಲ.

ಕೊನೆಯ ಕುಣಿಕೆಗಳನ್ನು ಎಳೆದು ಗಂಟು ಹಾಕಿದೆ. ನೆನೆಸಿದೆ, ಹಿಂಡಿದೆ. ವಸಂತ ಬಿಸಿನೀರು ತಂದಳು. ಚೊಂಬನ್ನು ಅದ್ದಿ, ಒರೆಸಿ, ಬೋರಲು ಹಿಡಿದು ಕುಲಾವಿ ತೊಡಿಸಿದೆ. ಗಂಟು ನೆಗ್ಗಿಗೆ ಬಂತು. ನನ್ನ ಹೆಬ್ಬೆರಳು ಅದರ ಮೇಲೆ ಸರಿಯಾಗಿ ಕೂತಿತು.

"ಒತ್ತು" ಎಂದಳು ದೊಡ್ಡಮ್ಮ. "ಇನ್ನೂ ಒತ್ತು. ಬೆರಳು ಸೋಲೋವರೆಗೆ ಒತ್ಬೇಕು. ಅವ್ಳು ಅದ್ರ ಮೇಲೆ ಮಲಗ್ತಾಳೆ."

ತೊಟ್ಟಿಲ ಶಾಸ್ತ್ರ ತೀರ್ಥಹಳ್ಳಿಯಲ್ಲಿ, ಮೇಘಾಳ ಮನೆಯಲ್ಲಿ. ಮೇಘಾ ಈಗಿನ ಹುಡುಗಿ. ಬಸುರಿಯಾಗಿದ್ದಾಗ ಯೂಟ್ಯೂಬ್ ನೋಡಿ ತಾನೂ ಒಂದು ಸಣ್ಣ ಸ್ವೆಟರ್ ಹೆಣೆದಿದ್ದಳು. ಅದನ್ನು ಕೂರಿಸಲು ಆನ್‌ಲೈನಿನಲ್ಲಿ ಬಣ್ಣಬಣ್ಣದ ಫೋಮ್ ಮ್ಯಾಟು, ತುಕ್ಕು ಹಿಡಿಯದ ಪಿನ್ನು, ಏನೇನೋ ತರಿಸಿದ್ದಳು. ಬ್ಲಾಕಿಂಗ್ ಅಂತಾರೆ ಚಿಕ್ಕಮ್ಮ ಇದಕ್ಕೆ ಎಂದು ನನಗೆ ಪಾಠ ಮಾಡಿದಳು. ನಾನು ಚೀಲದಿಂದ ಚೊಂಬು ತೆಗೆದು ತೋರಿಸಿದೆ. ತಿರುಗಿಸಿ ನೋಡಿದಳು.

"ಅಯ್ಯೋ, ಹೊಸಾದು ಆಗ್ಲೇ ನೆಗ್ಗಿದ್ಯಲ್ಲ ಚಿಕ್ಕಮ್ಮ. ಎಕ್ಸ್‌ಚೇಂಜ್ ಕೊಡಿ."

ವಸಂತ ನಗು ತಡೆಯಲಾರದೆ ಒಳಗೆ ಹೋದಳು.

ಕುಲಾವಿ ಚೆನ್ನಾಗಿ ಬಂದಿತ್ತು ಎಂದು ಸುಳ್ಳು ಹೇಳುವುದಿಲ್ಲ. ಎಡಗಿವಿಯ ಕಡೆ ಒಂದು ಬೆರಳು ಉದ್ದ. ನನ್ನ ಬೆರಳಿನ ಅಳತೆಯಾದ್ದರಿಂದ ಒಟ್ಟಿನಲ್ಲೇ ತುಸು ದೊಡ್ಡದು, ಹುಬ್ಬಿನವರೆಗೆ ಇಳಿಯುತ್ತಿತ್ತು. ಕೂಸು ಅದರೊಳಗಿಂದ ಯಾರೋ ಸಾಲ ಕೇಳಲು ಬಂದವರನ್ನು ನೋಡುವ ಹಾಗೆ ನಮ್ಮನ್ನೆಲ್ಲ ನೋಡುತ್ತಿತ್ತು. ನಾಲ್ಕು ಜನ ಮುತ್ತೈದೆಯರು ಸೇರಿ ತೊಟ್ಟಿಲಿಗೆ ಹಾಕುವ ಮೊದಲು ದೊಡ್ಡಮ್ಮ ಕೈ ಚಾಚಿದಳು. ಮಗುವನ್ನು ಅವಳ ಮಡಿಲಿಗೆ ಕೊಟ್ಟರು.

ಅವಳು ಮುಖ ಮುಟ್ಟಲಿಲ್ಲ. ಕೈ ಸೀದಾ ತಲೆಯ ಹಿಂದಕ್ಕೆ ಹೋಯಿತು. ಹೆಬ್ಬೆರಳು ಕುಲಾವಿಯ ಮೇಲೆ ಮೆಲ್ಲಗೆ ಹರಿದಾಡಿತು, ಹುಡುಕಿತು, ಮತ್ತೆ ಹುಡುಕಿತು. ನಾನು ಉಸಿರು ಹಿಡಿದು ನಿಂತಿದ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನವೂ ನನಗೆ ಹಾಗಾಗಿರಲಿಲ್ಲ.

"ಸುಮಾ" ಎಂದಳು ದೊಡ್ಡಮ್ಮ. "ಗಂಟು ಎಲ್ಲಿ ಹಾಕೀಯೆ? ಸಿಗ್ತಾನೇ ಇಲ್ವಲ್ಲ."

ನನಗೆ ಜೀವನದಲ್ಲಿ ಸಿಕ್ಕ ಪ್ರಶಸ್ತಿ ಎಂದರೆ ಅದೊಂದೇ. ಅದಕ್ಕೆ ಶಾಲು, ಹಾರ ಏನೂ ಇರಲಿಲ್ಲ. ಬಾಷಣ್ಣನಿಗೆ ಹೇಳಬೇಕೆಂದು ಮಾರನೆಯ ದಿನವೇ ಸಾಗರದ ಗಲ್ಲಿಗೆ ಹೋದೆ. "ಹಾಕಿದ್ ನೆಗ್ಗು ಉಪಯೋಗಕ್ಕೆ ಬಂತಾ? ಸದ್ಯ" ಎಂದು ನಕ್ಕರು.

ಚೊಂಬು ಈಗ ಅಟ್ಟದಲ್ಲಿಲ್ಲ, ಅಡುಗೆಮನೆಯಲ್ಲಿ ಕಣ್ಣೆದುರಿಗಿದೆ. ಹಲಸಿನ ಹಲಗೆ ಸಿಕ್ಕಿದೆ. ನಿಂಬೆ ಮುಳ್ಳಿನ ಬಾಟಲಿ, ಕಾಲುಚೀಲದ ಹಲಗೆಗಳೂ ಸಿಕ್ಕಿವೆ. ಅಂಗಡಿಯವರು ಬೇಡ ಎಂದದ್ದರಿಂದ ಉಳಿದುಕೊಂಡವು, ನನ್ನ ಜಾಣತನದಿಂದಲ್ಲ. ತವಾ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಬಹುದು.

ಆದರೆ ಒಂದು ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ. ಅಂದು ನನ್ನ ಮಾತು ಕೇಳಿ ಅಟ್ಟ ಖಾಲಿ ಮಾಡಿದಿರಲ್ಲ, ನೀವು ಕೊಟ್ಟದ್ದು ಯಾರ ಬೆರಳಿನ ನೆಗ್ಗು?